ಹಸಿರು ಸಾರ್

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನಮ್ಮ ಹಸಿರು ಸಾರ್ ವಿಷಯದಲ್ಲಿ ಹಾಗೆ ಮಾಡಿದರೆ ಬೇರೆ ಯಾರ ಬಗ್ಗೆಯೋ ಬರೆದಂತಾಗುತ್ತದೆ. ಅವರು ಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ನಂಜೇಶ; ಹಾಸನದ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದವನು. ಆಮೇಲೆ ಅವನೇ, "ಯಮದೂತ್ರು ಬಂದಾಗ್ಲೂವೆ 'ನಮ್ಮ ಕಡೆ ಎಲ್ಲಾ ಹಸಿರು ಕಣ್ರೀ, ತೊಂದ್ರೆ ನಿಮ್ಮ ಕಡೇನೇ ಇರ್ಬೇಕು' ಅಂದಿರ್ತಾರೆ ಕಣಕ್ಕಾ" ಎಂದ. ನಗಬಾರದು ಅಂದುಕೊಂಡೇ ನಕ್ಕೆ.

ಅವರ ನಿಜವಾದ ಹೆಸರನ್ನು ಬರೆಯುವುದಿಲ್ಲ. ಬರೆದರೆ ಹೊಳೆನರಸೀಪುರದಲ್ಲಿ ಅವರ ನೆಂಟರಲ್ಲಿ ಅರ್ಧ ಜನ ನನ್ನ ಮೇಲೆ ಸಿಟ್ಟಾಗುತ್ತಾರೆ, ಇನ್ನರ್ಧ ಜನ ಕರೆದು ಊಟ ಹಾಕುತ್ತಾರೆ. ಎರಡೂ ಬೇಡ. 'ಹಸಿರು ಸಾರ್' ಅಂತ ಹೆಸರಿಟ್ಟವನೂ ನಂಜೇಶನೇ. ಅವನ ಬಾಯಲ್ಲಿ ಅದು 'ಅಸ್ರು ಸಾರು' ಆಗಿ, ಕೇಳಿದವರು ಮಧ್ಯಾಹ್ನದ ಊಟಕ್ಕೆ ಸೊಪ್ಪಿನ ಸಾರು ಅಂದುಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರ, ಸ್ಟೀಲು ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಕೆಳಗಿನ ಅಂಗಡಿಯೂ ಮೇಲಿನ ಕಂಪನಿಯೂ ಜಿನದತ್ತ ಅವರದೇ. ಅವರ ಹಿರಿಯರು ಚನ್ನರಾಯಪಟ್ಟಣದಲ್ಲಿ ಪಾತ್ರೆ ವ್ಯಾಪಾರ ಮಾಡಿದವರು. ಇವರು ಯಾಕೆ ಈ ಕಡೆ ತಿರುಗಿದರು ಅಂತ ಕೇಳಿದರೆ ಒಂದೇ ಮಾತು: "ಒಂದ್ಸಲ ಪಾತ್ರೆ ತಗೊಂಡೋರು ಮತ್ತೆ ಬರೋದು ಮಗಳ ಮದುವೆಗೇ. ಸಾಫ್ಟ್‌ವೇರ್ ಆದ್ರೆ ವರ್ಷ ವರ್ಷ ಕೆಡುತ್ತೆ." ನಾವು ಮಾಡುತ್ತಿದ್ದದ್ದು ಶಾಲೆಗಳಿಗೆ ಅಂಕಪಟ್ಟಿ ಮುದ್ರಿಸಿಕೊಡುವ ಪ್ರೋಗ್ರಾಂ. ನಾನು ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಹಸಿರು ಸಾರ್ ಬಂದದ್ದು ಬೆಂಗಳೂರಿನಿಂದ. ಅಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದರಂತೆ. ಬೆಂಗಳೂರಿನ ನೀರು ಒಗ್ಗಲಿಲ್ಲ ಅಂತ ಅವರು ಹೇಳುತ್ತಿದ್ದರು. ಬೆಂಗಳೂರಿಗೆ ಇವರು ಒಗ್ಗಲಿಲ್ಲ ಅಂತ ಅವರ ಭಾವಮೈದ ಹೇಳುತ್ತಿದ್ದರು. ಪೌರೋಹಿತ್ಯದ ಮನೆತನ. ಹಣೆಯಲ್ಲಿ ಅಕ್ಷತೆ, ಮೈಮೇಲೆ ಬೂದು ಬಣ್ಣದ ಕೋಟು, ಜೇಬಿನಲ್ಲಿ ಕೆಂಪು, ಹಸಿರು ಎರಡು ಪೆನ್ನು. ಕೆಂಪು ಪೆನ್ನಿನ ಮುಚ್ಚಳ ತೆಗೆದದ್ದನ್ನು ಯಾರೂ ನೋಡಿರಲಿಲ್ಲ.

ಬಂದ ವಾರವೇ ನಮ್ಮೆಲ್ಲರನ್ನೂ ಒಂದು ಕಂಪ್ಯೂಟರಿನ ಮುಂದೆ ನಿಲ್ಲಿಸಿದರು. ಕೆಳಗಿನ ಅಂಗಡಿಯಿಂದ ಜಿನದತ್ತ ಅವರೂ ಅವರ ತಾಯಿಯೂ ಬಂದರು. ಸಾರ್ ಒಂದು ಕೀಲಿ ಒತ್ತಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಈಗ ನೋಡಿ" ಎಂದರು. ಯಾರೂ ಮುಟ್ಟದೆ ಸ್ಕ್ರೀನಿನ ಮೇಲಿನ ಬಾಣ ತಾನೇ ಚಲಿಸಿತು. ತಾನೇ ಒಂದು ಹೆಸರು ಟೈಪಾಯಿತು. ಬಟನ್ನು ತಾನೇ ಒತ್ತಿಕೊಂಡಿತು. ಕೊನೆಗೆ ಉದ್ದಕ್ಕೆ ಒಂದು ಹಸಿರು ಪಟ್ಟಿ ಮೂಡಿತು.

"ಮನುಷ್ಯ ಬಟನ್ ಒತ್ತಿ ಒತ್ತಿ ಪರೀಕ್ಷೆ ಮಾಡಿದರೆ ಸುಸ್ತಾಗ್ತಾನೆ, ಸುಳ್ಳು ಹೇಳ್ತಾನೆ. ಇದು ಹೇಳೋದಿಲ್ಲ. ಹಸಿರು ಅಂದ್ರೆ ಸರಿ, ಕೆಂಪು ಅಂದ್ರೆ ತಪ್ಪು. ಇದಕ್ಕೆ ಸ್ವಯಂಚಾಲಿತ ಪರೀಕ್ಷೆ ಅಂತಾರೆ" ಎಂದರು ಸಾರ್.

ಜಿನದತ್ತರ ತಾಯಿ ಎರಡು ಹೆಜ್ಜೆ ಹಿಂದೆ ಸರಿದು ಮಗನ ತೋಳು ಹಿಡಿದುಕೊಂಡರು. "ಇದನ್ನ ಯಾರಿಗಾದ್ರೂ ತೋರಿಸಿ ತೆಗೆಸ್ಬಿಡಪ್ಪ" ಎಂದರು. ಅಂದಿನಿಂದ ಆ ಟೆಸ್ಟಿಗೆ ನಾವು ಇಟ್ಟ ಹೆಸರು ದೆವ್ವ.

ದೆವ್ವ ಓಡುವಾಗ ಆಫೀಸಿನಲ್ಲಿ ಯಾರೂ ಓಡಾಡುವಂತಿರಲಿಲ್ಲ. ಮೇಜು ಅಲುಗಿದರೆ ಮೌಸು ಅಲುಗುತ್ತದೆ, ಮೌಸು ಅಲುಗಿದರೆ ಬಾಣ ದಾರಿ ತಪ್ಪುತ್ತದೆ. ಬಾಗಿಲಿಗೆ 'ಪರೀಕ್ಷೆ ನಡೆಯುತ್ತಿದೆ, ಸದ್ದು ಮಾಡಬೇಡಿ' ಎಂಬ ಬೋರ್ಡು ಬಿತ್ತು. ಕಾಫಿ ತರುವವರು ಯಾವುದೋ ಹೈಸ್ಕೂಲಿನ ಪಬ್ಲಿಕ್ ಪರೀಕ್ಷೆ ಅಂದುಕೊಂಡು ಹೊರಗೇ ನಿಂತು ಕಾಫಿ ಆರಿಸುತ್ತಿದ್ದರು. ಕೆಳಗೆ ಪಾತ್ರೆ ಅಂಗಡಿಯಲ್ಲಿ ಕೊಳದಪ್ಪಲೆ ಬಿದ್ದರೆ ಸಾರ್ ಕಿಟಕಿಯಿಂದ ಬಗ್ಗಿ, "ಸ್ವಲ್ಪ ನಿಧಾನಕ್ಕೆ ವ್ಯಾಪಾರ ಮಾಡ್ರಪ್ಪಾ" ಅನ್ನುತ್ತಿದ್ದರು. ಕಂಪನಿಗೆ ಅನ್ನ ಹಾಕುತ್ತಿದ್ದದ್ದು ಆ ಅಂಗಡಿ ಅನ್ನುವುದು ಅವರಿಗೆ ಮುಖ್ಯವಾಗಿರಲಿಲ್ಲ.

ಮೊದಮೊದಲು ದೆವ್ವಕ್ಕೆ ಗೊತ್ತಿದ್ದದ್ದು ಜಾಗ ಮಾತ್ರ. ಸ್ಕ್ರೀನಿನ ಮೇಲ್ತುದಿಯಿಂದ ಇಷ್ಟು ಕೆಳಗೆ, ಎಡದಿಂದ ಇಷ್ಟು ದೂರ, ಅಲ್ಲಿ ಒತ್ತು. ಒಂದು ದಿನ ಜಿನದತ್ತ ಅವರು ದೊಡ್ಡ ಮಾನಿಟರ್ ತಂದು ಕೂರಿಸಿದರು. ಎಲ್ಲದರ ಜಾಗವೂ ಸ್ವಲ್ಪ ಸ್ವಲ್ಪ ಸರಿಯಿತು. ದೆವ್ವ ತನ್ನ ಹಳೇ ಜಾಗಕ್ಕೇ ಹೋಗಿ ಒತ್ತಿತು. ಅಲ್ಲಿ ಇಸ್ಪೀಟಿನ ಆಟ ಇತ್ತು. ಎಲೆಗಳು ತೆರೆದುಕೊಂಡವು. ದೆವ್ವ ಎಲೆಗಳ ಮೇಲೆ ಒತ್ತುತ್ತಾ ಹೋಯಿತು, ವಿದ್ಯಾರ್ಥಿಗಳ ಹೆಸರನ್ನೆಲ್ಲ ರಾಜ ರಾಣಿಯರ ಮೇಲೆ ಟೈಪು ಮಾಡಿತು. ಕೊನೆಗೆ ಹಸಿರು ಪಟ್ಟಿ ಬಂತು.

"ಸಾ, ಇಸ್ಪೀಟ್ ಆಡ್ಬುಟ್ಟು ಪಾಸಾಯ್ತಲ್ಲ ಸಾ!" ಎಂದ ನಂಜೇಶ.

"ಹೇಳಿದ ಹೆಜ್ಜೆಯನ್ನೆಲ್ಲ ಮಾಡಿದೆಯಲ್ಲಪ್ಪ. ಅದರ ಶಿಸ್ತು ನೋಡು" ಎಂದರು ಸಾರ್.

ಹಾಗಂತ ಅವರು ದಡ್ಡರಲ್ಲ. ಮಾರನೆಯ ದಿನದಿಂದಲೇ ಜಾಗ ಹಿಡಿದು ಒತ್ತುವುದನ್ನು ಬಿಡಿಸಿ, ಹೆಸರು ಹಿಡಿದು ಕರೆಯುವುದನ್ನು ದೆವ್ವಕ್ಕೆ ಕಲಿಸಿದರು. ಪ್ರತಿ ಬಟನ್ನಿಗೂ ಪ್ರೋಗ್ರಾಮಿನೊಳಗೆ ನಾವಿಟ್ಟ ಒಂದು ಹೆಸರಿರುತ್ತದೆ, ಹೊರಗಿನವರಿಗೆ ಕಾಣದ್ದು. ಆ ಹೆಸರಿನ ಬಟನ್ನು ಎಲ್ಲೇ ಇದ್ದರೂ ದೆವ್ವ ಹುಡುಕಿ ಒತ್ತುವಂತೆ ಮಾಡಿದರು. ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು. ಬಟನ್ನು, ಬರೆಯುವ ಡಬ್ಬ, ಆರಿಸಿಕೊಳ್ಳುವ ಪಟ್ಟಿ, ಒಂದೊಂದನ್ನೂ ಖಾಲಿ ಸ್ಕ್ರೀನಿನ ಮೇಲೆ ಬೇರೆಬೇರೆಯಾಗಿ ಇಟ್ಟು ಪರೀಕ್ಷಿಸಬೇಕು. "ಮೊದಲು ಒಂಟಿಯಾಗಿ ನಿಲ್ಲಿಸಿ ಕೇಳಿ. ಗುಂಪಿನಲ್ಲಿದ್ದಾಗ ಕಳ್ಳ ಸಿಕ್ಕೋದಿಲ್ಲ" ಅನ್ನುತ್ತಿದ್ದರು. ಆಮೇಲೆ ನಾನು ಎಲ್ಲಿ ಕೆಲಸ ಮಾಡಿದರೂ ಈ ಮಾತು ಉಪಯೋಗಕ್ಕೆ ಬಂತು. ಹೇಳಿದವರ ಹೆಸರನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದು ಹೇಗೋ ಅವರಿಗೆ ತಲುಪಿ, ಇನ್ನೊಂದು ಭಾಷಣ ಕೇಳಬೇಕಾಗುತ್ತಿತ್ತು.

ಅವರ ಕಷ್ಟವಿದ್ದದ್ದು ಕೆಂಪಿನಲ್ಲಿ. ಕೆಂಪು ಪಟ್ಟಿ ಬಂದರೆ ಮುಖ ಬಾಡುತ್ತಿತ್ತು. ನಂಜೇಶ ತನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂತರೆ, "ಪ್ರೋಗ್ರಾಂ ತಪ್ಪಲ್ಲ ಕಣಯ್ಯ, ಟೆಸ್ಟಿಗೇ ಹುಷಾರಿಲ್ಲ. ಸ್ವಲ್ಪ ವಿಶ್ರಾಂತಿ ಕೊಡೋಣ" ಅಂತ ಆ ಟೆಸ್ಟನ್ನು ಬದಿಗೆ ತೆಗೆದಿಡುತ್ತಿದ್ದರು. ವಿಶ್ರಾಂತಿಗೆ ಹೋದ ಟೆಸ್ಟುಗಳು ಕೆಲಸಕ್ಕೆ ಮರಳಿದ್ದನ್ನು ನಾನು ಕಾಣೆ. ಉಳಿದವೆಲ್ಲ ಹಸಿರಾದಾಗ ಅದನ್ನು ಬಣ್ಣದ ಪ್ರಿಂಟರಿನಲ್ಲಿ ತೆಗೆದು, ಹಸಿರು ಪೆನ್ನಿನಲ್ಲಿ ಸಹಿ ಮಾಡಿ ಗೋಡೆಗೆ ಅಂಟಿಸುತ್ತಿದ್ದರು.

ಪರೀಕ್ಷೆಗೆ ಬೇಕಾದ ಸುಳ್ಳು ವಿದ್ಯಾರ್ಥಿಗಳ ಹೆಸರುಗಳನ್ನೂ ಅವರೇ ಕೊಡುತ್ತಿದ್ದರು. ಎಲ್ಲಾ ವಿಷಯಗಳಲ್ಲೂ ನೂರಕ್ಕೆ ನೂರು ತೆಗೆಯುವವನಿಗೆ ಅವರದೇ ಹೆಸರು. ಎಲ್ಲದರಲ್ಲೂ ಸೊನ್ನೆ ಬಂದು ಡುಮ್ಕಿ ಹೊಡೆಯುವವನಿಗೆ ಭಾವಮೈದನ ಹೆಸರು. ಒಮ್ಮೆ ಆ ಭಾವಮೈದ ಯಾವುದೋ ಕೆಲಸಕ್ಕೆ ಹಾಸನಕ್ಕೆ ಬಂದವರು ಆಫೀಸಿಗೂ ಬಂದರು. ಸ್ಕ್ರೀನಿನ ಮೇಲೆ ಅವರು ಅನುತ್ತೀರ್ಣರಾಗುತ್ತಿದ್ದರು. ಇನಿಷಿಯಲ್ ಸಮೇತ.

"ಏನು ಭಾವ ಇದು?" ಎಂದರು ಅವರು.

"ಕಾಕತಾಳೀಯ" ಎಂದರು ಸಾರ್. ಕಾಫಿ ಕೂಡ ತರಿಸಲಿಲ್ಲ.

ಇಷ್ಟೇ ಆಗಿದ್ದರೆ ಅವರ ಬಗ್ಗೆ ಬರೆಯುವಂಥದ್ದೇನೂ ಇರಲಿಲ್ಲ. ಇಂಥವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಬರೆಯುತ್ತಿರುವುದು ಅರಕಲಗೂಡಿನ ಆ ಶಾಲೆಯಲ್ಲಿ ನಡೆದದ್ದಕ್ಕಾಗಿ.

ಅದು ಅರಕಲಗೂಡಿನ ಒಂದು ಖಾಸಗಿ ಶಾಲೆ. ಇಂಗ್ಲಿಷ್ ಬಟನ್ನುಗಳು ಬೇಡ, ಕನ್ನಡದಲ್ಲಿ ಮಾಡಿಕೊಡಿ ಅಂತ ಅವರು ಕೇಳಿದರು. ಆಗೆಲ್ಲ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಸುಲಭವಾಗಿ ಬರುತ್ತಿರಲಿಲ್ಲ. ಒಂದು ಮೆಷಿನ್ನಿನಲ್ಲಿ ಕನ್ನಡವಾಗಿದ್ದದ್ದು ಇನ್ನೊಂದರಲ್ಲಿ ಹುಳುಹುಪ್ಪಟೆಯಾಗುತ್ತಿತ್ತು. ಅದಕ್ಕೆ ಬಟನ್ನುಗಳ ಮೇಲಿನ ಪದಗಳನ್ನು ಡಿಟಿಪಿ ಅಂಗಡಿಯೊಂದರಲ್ಲಿ ಚಿತ್ರಗಳಾಗಿ ಮಾಡಿಸಿ ಅಂಟಿಸಿದೆವು. ಚಿತ್ರಗಳು ಬಂದದ್ದು ಕೊನೆಯ ದಿನ. ದೆವ್ವ ಓಡಿತು, ಎಲ್ಲಾ ಹಸಿರು. ಸಾಯಂಕಾಲದ ಬಸ್ಸಿನಲ್ಲಿ ಸಿಡಿ ಅರಕಲಗೂಡಿಗೆ ಹೋಯಿತು.

ಅಂಕಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ರತ್ನಮ್ಮ ಎಂಬಾಕೆಯದು. ಆಕೆ ಶಾಲೆಯ ಆಫೀಸಿನಲ್ಲಿ ಟೆಂಪರರಿ ಗುಮಾಸ್ತೆ, ಮಾತು ಜಾಸ್ತಿ, ಮುಖ್ಯೋಪಾಧ್ಯಾಯಿನಿಗೆ ಅಷ್ಟಕ್ಕಷ್ಟೆ. ಆಕೆ ಒಂದೊಂದೇ ತರಗತಿಯಂತೆ ಇಡೀ ಶಾಲೆಯ ಅಂಕಗಳನ್ನು ಟೈಪು ಮಾಡಿ 'ಉಳಿಸು' ಒತ್ತಿದರು. ಪ್ರತಿ ಸಲವೂ ಸ್ಕ್ರೀನು ಖಾಲಿಯಾಗಿ ಮುಂದಿನ ತರಗತಿಗೆ ಸಿದ್ಧವಾಯಿತು. ಫಲಿತಾಂಶದ ದಿನ ಬೆಳಿಗ್ಗೆ ಅಂಕಪಟ್ಟಿ ಮುದ್ರಿಸಲು ಹೋದರೆ ಒಳಗೆ ಒಂದು ಮಗುವಿನ ಹೆಸರೂ ಇಲ್ಲ. ಅಪ್ಪ ಅಮ್ಮಂದಿರು ಅಂಗಳದಲ್ಲಿ ನಿಂತಿದ್ದರು. ಫಲಿತಾಂಶ ಮುಂದಕ್ಕೆ ಹೋಯಿತು. ರತ್ನಮ್ಮ ಕೆಲಸವನ್ನೇ ಮಾಡಿಲ್ಲ, ಹರಟೆ ಹೊಡೆದುಕೊಂಡು ಕೂತಿದ್ದರು ಅಂತ ಮುಖ್ಯೋಪಾಧ್ಯಾಯಿನಿ ಹೇಳಿದರು.

ಶಾಲೆಯಿಂದ ಫೋನು ಬಂದಾಗ ಎತ್ತಿದವರು ಹಸಿರು ಸಾರ್. ಪೂರ್ತಿ ಕೇಳಲೂ ಇಲ್ಲ. "ನಮ್ಮ ಕಡೆ ಎಲ್ಲಾ ಹಸಿರು ಕಣ್ರೀ. ನಿಮ್ಮೋರೇ ಏನೋ ಮಾಡ್ಕೊಂಡಿದಾರೆ" ಎಂದರು. ಅಷ್ಟು ಸಾಲದು ಅಂತ ಗೋಡೆಯ ಮೇಲಿದ್ದ ಹಸಿರು ಹಾಳೆಯನ್ನು ಬಿಡಿಸಿ, ಕವರಿಗೆ ಹಾಕಿ ಬಸ್ಸಿನಲ್ಲಿ ಕಳಿಸಿದರು. ಶಾಲೆಯ ಕಮಿಟಿಯವರಿಗೆ ಅದು ಸಾಕ್ಷಿಯಾಯಿತು. ಕಂಪ್ಯೂಟರೇ ಸಹಿ ಮಾಡಿ ಕಳಿಸಿದೆ, ತಪ್ಪು ರತ್ನಮ್ಮನದೇ ಅಂತ ತೀರ್ಮಾನಿಸಿ, ಆಕೆಯನ್ನು ತೆಗೆಯುವ ಮೊದಲು ಒಂದು ಸಲ ಬಂದು ಎದುರಿಗೇ ಹೇಳಿ ಎಂದರು. ಸಾರ್ ಕೋಟಿಗೆ ಇಸ್ತ್ರಿ ಮಾಡಿಸಿಕೊಂಡರು. ಜೊತೆಗೆ ನನ್ನನ್ನೂ ಹೊರಡಿಸಿದರು. ಅರಕಲಗೂಡಿನವರೆಗೂ ಬಸ್ಸಿನಲ್ಲಿ ಆಡಬೇಕಾದ ಮಾತುಗಳನ್ನು ನನ್ನ ಮುಂದೆ ಅಭ್ಯಾಸ ಮಾಡಿದರು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಶಾಲೆಯ ಆಫೀಸು ರೂಮಿನಲ್ಲಿ ಕಮಿಟಿಯ ಅಧ್ಯಕ್ಷರು, ಮುಖ್ಯೋಪಾಧ್ಯಾಯಿನಿ ಕುರ್ಚಿಯ ಮೇಲೆ ಕೂತಿದ್ದರು. ರತ್ನಮ್ಮನನ್ನು ನಿಲ್ಲಿಸಿದ್ದರು. ಅಳುತ್ತಾ ಇರುತ್ತಾರೆ ಅಂದುಕೊಂಡಿದ್ದೆ, ಆಕೆ ಉರಿಯುತ್ತಿದ್ದರು.

"ಕಮಿಟಿಯೋರೇ, ನಾನ್ ಟೈಪೇ ಮಾಡಿಲ್ಲ ಅಂದ್ರೆ ನನ್ ಬೆಳ್ಳು ಯಾಕ್ ಇಂಗೆ ಊದ್ಕೊಂಡಾವೆ? ಬುಡಿ ಅತ್ಲಾಗೆ, ತೆಗೀರಿ. ಆದ್ರೆ ಕೆಲ್ಸ ಮಾಡ್ನಿಲ್ಲ ಅಂತ ಮಾತ್ರ ಅನ್ಬ್ಯಾಡಿ" ಎಂದರು.

"ಕೂತ್ಕೊಳ್ಳಿ ಅಮ್ಮಾ" ಎಂದರು ಸಾರ್, ಅಪರಾಧಿಗೂ ಗೌರವ ಕೊಡುವ ದೊಡ್ಡವರ ಧಾಟಿಯಲ್ಲಿ. "ನೀವು ಏನು ಮಾಡಿದ್ರೋ ಹಾಗೇ ಮಾಡಿ. ಎಲ್ಲಿ ತಪ್ತೀರಿ ಅಂತ ನಾನು ತೋರಿಸ್ತೀನಿ."

ರತ್ನಮ್ಮ ಒಂದು ಮಗುವಿನ ಹೆಸರು, ಅಂಕಗಳನ್ನು ಟೈಪು ಮಾಡಿ 'ಉಳಿಸು' ಒತ್ತಿದರು. ಕಂಪ್ಯೂಟರು ಖಚಿತವೇ ಅಂತ ಇಂಗ್ಲಿಷಿನಲ್ಲಿ ಕೇಳಿತು. ಹೂಂ ಅಂತ ಒತ್ತಿದರು. ಸ್ಕ್ರೀನು ಖಾಲಿಯಾಯಿತು. ಮತ್ತೆ ತೆಗೆದು ನೋಡಿದರೆ ಮಗು ಇಲ್ಲ.

ಸಾರ್ ಮುಗುಳ್ನಕ್ಕು, ಆಕೆಯನ್ನು ಎಬ್ಬಿಸಿ ತಾವು ಕೂತರು. ಅದೇ ಮಗು, ಅದೇ ಅಂಕ. ವರ್ಷಗಳ ಅಭ್ಯಾಸದ ಕೈ ಸ್ಕ್ರೀನು ನೋಡದೆಯೇ ಬಲಗಡೆಯ ಬಟನ್ನಿಗೆ ಹೋಯಿತು. ಒತ್ತಿದರು. ಹೂಂ ಅಂದರು. ಮತ್ತೆ ತೆಗೆದು ತೋರಿಸಿದರು. ಮಗು ಇತ್ತು.

"ನೋಡಿದ್ರಾ? ಉಳೀತು. ಯಂತ್ರ ಸರಿಯಾಗಿದೆ."

ಅಧ್ಯಕ್ಷರು ಮುಖ್ಯೋಪಾಧ್ಯಾಯಿನಿಯ ಕಡೆ ನೋಡಿ ತಲೆಯಾಡಿಸಿದರು. ಅಷ್ಟು ಹೊತ್ತು ಉರಿಯುತ್ತಿದ್ದ ರತ್ನಮ್ಮ ತನ್ನ ಕೈಯ ಮೇಲೆ ತನಗೇ ಅನುಮಾನ ಬಂದವರ ಹಾಗೆ ಬೆರಳುಗಳನ್ನು ನೋಡಿಕೊಂಡರು.

ನಾನು ಸಾರ್ ಕಡೆ ತಿರುಗಿದೆ. ಅವರ ಮುಗುಳ್ನಗೆ ಹಾಗೇ ಇತ್ತು, ಕಣ್ಣು ಮಾತ್ರ ಸ್ಕ್ರೀನಿಗೆ ಕಚ್ಚಿಕೊಂಡಿತ್ತು. ನಾನೂ ನೋಡಿದೆ. ಅವರು ಒತ್ತಿದ್ದ ಬಟನ್ನಿನ ಮೇಲೆ ಇದ್ದದ್ದು 'ಅಳಿಸು'. ಡಿಟಿಪಿ ಅಂಗಡಿಯಲ್ಲೋ ನಮ್ಮಲ್ಲೋ ಎರಡು ಚಿತ್ರಗಳು ಅದಲುಬದಲಾಗಿದ್ದವು. ಒಂದಕ್ಷರದ ವ್ಯತ್ಯಾಸ. ದೆವ್ವ ಒಳಗಿನ ಹೆಸರು ಹಿಡಿದು ಕರೆಯುವುದರಿಂದ ಹೊರಗಿನ ಮುಖವನ್ನು ಅದು ನೋಡುವುದೇ ಇಲ್ಲ. ಇಂಗ್ಲಿಷಿನ ಕಾಲದಿಂದ ಜಾಗ ಗೊತ್ತಿದ್ದ ನಾವೂ ನೋಡಿರಲಿಲ್ಲ. ಇರುವುದನ್ನು ಓದಿಕೊಂಡು ನಂಬಿ ಒತ್ತಿದವರು ರತ್ನಮ್ಮ ಒಬ್ಬರೇ.

ರೂಮಿನಲ್ಲಿ ಇದು ತಿಳಿದದ್ದು ನಮ್ಮಿಬ್ಬರಿಗೆ. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಸಾರ್ ಕೈಯೆತ್ತಿ ತಡೆದರು. ಮುಗಿಯಿತು, ಇವರು ಎದ್ದು ನಮಸ್ಕಾರ ಹೇಳಿ, ನಾಳೆ ಗುಟ್ಟಾಗಿ ಹೊಸ ಸಿಡಿ ಕಳಿಸುತ್ತಾರೆ ಅಂದುಕೊಂಡೆ. ಅವರು ನೀರು ಕೇಳಿದರು. ಕುಡಿದರು. ಲೋಟ ಕೆಳಗಿಟ್ಟರು. ಆಮೇಲೆ ಮೇಜು ಕುಟ್ಟಿ ಕೂಗಿದರು:

"ಸಿಕ್ಕಿತು!"

ಎಲ್ಲರೂ ಬೆಚ್ಚಿದರು.

"ಇಡೀ ಜಿಲ್ಲೇಲಿ ಇದನ್ನ ಇನ್ಯಾರೂ ಕಂಡುಹಿಡೀತಿರಲಿಲ್ಲ. ನೋಡಿ ಇಲ್ಲಿ. ಬಟನ್ನಿಗೆ ಮುಖ ಅದಲುಬದಲಾಗಿದೆ. ಉಳಿಸು ಅಂತ ಒತ್ತಿದರೆ ಅಳಿಸುತ್ತೆ. ಈಕೆ ಮಾಡಿದ್ದು ಸರಿ. ನಾನು ಹಿಡಿದೆ!"

ಅವರ ಆತ್ಮಸಾಕ್ಷಿ ಎಚ್ಚೆತ್ತುಕೊಂಡಿತು ಅಂತ ಬರೆಯಲು ನನಗೂ ಆಸೆ. ನಾನು ಕಂಡದ್ದು, ಏನನ್ನೋ ಕಂಡುಹಿಡಿದು ಅದನ್ನು ಹೇಳದೆ ಇರಲಾರದ ಒಬ್ಬ ಜಂಬದ ಮನುಷ್ಯನನ್ನು. ಆದರೆ ಆ ನೀರು ಕುಡಿಯುವಷ್ಟು ಹೊತ್ತು ಅವರು ಏನು ಯೋಚಿಸಿದರು ಅನ್ನುವುದು ನನಗೆ ಗೊತ್ತಿಲ್ಲ. ಜಂಬದ ಮನುಷ್ಯರೆಲ್ಲ ಬಾಯಿಬಿಡುವುದಿಲ್ಲ ಅನ್ನುವುದು ಮಾತ್ರ ಮುಂದಿನ ಕೆಲಸಗಳಲ್ಲಿ ಬೇಕಾದಷ್ಟು ಸಲ ಗೊತ್ತಾಯಿತು.

ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು: "ಅಂದ್ರೆ ತಪ್ಪು ಯಾರ್ದು ಸ್ವಾಮಿ?"

"ನಮ್ಮದು" ಎಂದರು ಸಾರ್. ತಕ್ಷಣ ಸೇರಿಸಿದರು: "ಕಂಡುಹಿಡಿದವನು ನಾನು." ಮೇಜಿನ ಮೇಲಿದ್ದ ಹಸಿರು ಹಾಳೆಯನ್ನು ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿದರು. "ಇದನ್ನ ಲೆಕ್ಕಕ್ಕೆ ತಗೋಬೇಡಿ."

ಇನ್ನೇನು ಎದ್ದು ಸನ್ಮಾನ ಸ್ವೀಕರಿಸುತ್ತಾರೆ ಅನ್ನುವಂತಿದ್ದರು. ರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅದೆಲ್ಲಾ ಸರಿ ಸಾ. ಈಗ ಇಷ್ಟುನ್ನೂ ಇನ್ನೊಂದ್ ದಪ ಯಾರ್ ಟೈಪ್ ಮಾಡದು? ಎಲ್ಲೋಯ್ತೀರಿ? ಕೂತ್ಕಳಿ. ನೀವ್ ಓದಿ, ನಾನ್ ಒತ್ತೀನಿ."

ಕೂರದೆ ವಿಧಿಯಿರಲಿಲ್ಲ. ಮಾಸ್ತರರು ಬರೆದಿಟ್ಟಿದ್ದ ಅಂಕಗಳ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಹಿರಿಯರಿಂದ ಬಂದ ಮಂತ್ರದ ಸ್ವರದಲ್ಲಿ ಅವರು ಸಾಯಂಕಾಲದವರೆಗೂ ಓದಿದರು. ಗಣಿತದಲ್ಲಿ ಕಡಿಮೆ ಬಂದವರ ಹೆಸರು ಬಂದಾಗ ಸ್ವರ ತಗ್ಗುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಪ್ರತಿ ತರಗತಿ ಮುಗಿದಾಗಲೂ 'ಅಳಿಸು' ಒತ್ತಿಸುತ್ತಿದ್ದೆ. ಪ್ರತಿ ಸಲವೂ ರತ್ನಮ್ಮ, "ಒತ್ಲಾ? ಗ್ಯಾರಂಟೀನಾ?" ಅಂತ ಕೇಳಿ, ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದರು. ಮಾರನೆಯ ದಿನ ಫಲಿತಾಂಶ ಬಂತು. ಆಕೆಯ ಕೆಲಸ ಉಳಿಯಿತು.

ಬಸ್ಸಿಗೆ ಹೊರಟಾಗ ರತ್ನಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಕೆಟ್ಟೋರೇನಲ್ಲ ಬುಡಕ್ಕಾ ನಿಮ್ ಸಾರು. ತನ್ನ ಬುಟ್ಟು ಬ್ಯಾರೆಯೋರ್ನ ನೋಡಕಿಲ್ಲ, ಅಷ್ಟೇಯ" ಎಂದರು. ಇದಕ್ಕಿಂತ ಒಳ್ಳೆಯ ವ್ಯಕ್ತಿಚಿತ್ರ ನಾನು ಬರೆಯಲಾರೆ.

ಆಮೇಲೆ ಅವರು ಸುಧಾರಿಸಿದರೇ? ಅರ್ಧ. ಹೊಸ ಸಿಡಿ ಹೊರಡುವ ಮುನ್ನ ಎದ್ದು ನಿಂತು, ಪ್ರತಿ ಸ್ಕ್ರೀನಿನ ಪ್ರತಿ ಬಟನ್ನನ್ನೂ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು: ಉಳಿಸು, ಅಳಿಸು, ಹಿಂದೆ, ಮುಂದೆ, ಮುದ್ರಿಸು. ಕೆಳಗಿನ ಅಂಗಡಿಗೂ ಕೇಳಿಸುತ್ತಿತ್ತು. ಇನ್ನರ್ಧ ಹಾಗೇ ಉಳಿಯಿತು. ಹಾಸನದ ಕಾಲೇಜುಗಳಲ್ಲಿ ಭಾಷಣಕ್ಕೆ ಕರೆದಾಗಲೆಲ್ಲ ಅರಕಲಗೂಡಿನ ಕಥೆ ಹೇಳುತ್ತಿದ್ದರು. ಮೊದಮೊದಲು ಅದರಲ್ಲಿ ರತ್ನಮ್ಮ ಇದ್ದರು. ಆಮೇಲೆ 'ಒಬ್ಬ ಗುಮಾಸ್ತೆ' ಆದರು. ಕೊನೆಕೊನೆಗೆ, ಯಾರೂ ಇಲ್ಲದ ಒಂದು ರೂಮಿನಲ್ಲಿ ಸಾರ್ ಒಬ್ಬರೇ ಕೂತು ಬರಿಯ ಬುದ್ಧಿಬಲದಿಂದ ತಪ್ಪನ್ನು ಹಿಡಿದರು. ಹಸಿರು ಹಾಳೆ ಅರಕಲಗೂಡಿಗೆ ಹೋಗಿತ್ತು ಅನ್ನುವುದು ಯಾವ ಭಾಷಣದಲ್ಲೂ ಬರಲಿಲ್ಲ.

ಕೆಲವು ವರ್ಷಗಳಲ್ಲಿ ಕಂಪನಿ ಮುಚ್ಚಿತು. ಜಿನದತ್ತ ಅವರು ಪಾತ್ರೆಗೆ ಮರಳಿದರು. ನಾನೂ ನಂಜೇಶನೂ ಬೇರೆ ಕೆಲಸ ಹಿಡಿದೆವು. ಸಾರ್ ಹೊಳೆನರಸೀಪುರದ ಮನೆಗೆ ಹೋದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲೇ, ಒಂದು ಮದುವೆಗೆ ಹೋದಾಗ. ಊರಿಗೆ ಹೊಸದಾಗಿ ಎಟಿಎಂ ಬಂದಿತ್ತು. ಹೊರಗೆ ಸಾಲು ಬೆಳೆದಿತ್ತು, ಜನ ಗೊಣಗುತ್ತಿದ್ದರು. ಗಾಜಿನ ಬಾಗಿಲೊಳಗೆ ಬೂದು ಕೋಟು. ದುಡ್ಡು ತೆಗೆಯುತ್ತಿರಲಿಲ್ಲ. ಒಂದೊಂದೇ ಬಟನ್ನು ಒತ್ತಿ, ಬಂದದ್ದನ್ನು ಗಟ್ಟಿಯಾಗಿ ಓದಿ, ರದ್ದು ಮಾಡಿ, ಮತ್ತೆ ಕಾರ್ಡು ಹಾಕುತ್ತಿದ್ದರು.

"ದುಡ್ ತಕ್ಕೊಂಡು ಬನ್ನಿ ಸಾಮೇರಾ, ಬಸ್ ಹೊಂಟೋಯ್ತದೆ" ಎಂದು ಸಾಲಿನವರೊಬ್ಬರು ಕೂಗಿದರು.

ಅವರು ಹೊರಬಂದರು. ನನ್ನನ್ನು ನೋಡಿದರೂ ನೋಡದಂತೆ ಸೀದಾ ಕಾವಲುಗಾರನ ಹತ್ತಿರ ಹೋದರು. "ಇದರ ಕನ್ನಡದಲ್ಲಿ ತಪ್ಪಿದೆ ಕಣಪ್ಪ. 'ಮುಂದುವರಿಸಿ' ಅನ್ನೋ ಕಡೆ 'ಮುಗಿಸಿ' ಅಂತಿದೆ. ಬ್ಯಾಂಕಿನವರಿಗೆ ಹೇಳು."

"ಏಳ್ತೀನಿ ಬುಡಿ ಸಾ" ಎಂದ ಕಾವಲುಗಾರ, ಕುರ್ಚಿಯಿಂದ ಏಳದೆ. "ಆದ್ರೆ ಕನ್ನಡ ಯಾರೂ ಒತ್ತಕಿಲ್ಲ ಸಾ. ಎಲ್ರೂ ಇಂಗ್ಲೀಸೇ ಒತ್ತದು."

"ನಾನು ಒತ್ತಿದೀನಲ್ಲ" ಎಂದರು ಸಾರ್.

ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಇಂಗ್ಲಿಷಿನದನ್ನೂ ನೋಡಿಬಿಡೋಣ ಅಂತ ಸಾಲಿನ ಕೊನೆಗೆ ಹೋಗಿ ನಿಂತರು.